ಗಣಕ ಮರಳಿದರೆ ಸಾಲದು, ಕನ್ನಡವೂ ಮರಳಬೇಕು

(ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಯೊಂದರ ರಕ್ಷಕರ ಸಭೆಯಲ್ಲಿ ಮಾಡಿದ ಭಾಷಣದ ಪಠ್ಯ)



ಗಣಕಯಂತ್ರದ ರಿಪೇರಿಗೂ ಭಾಷಾ ಅಲ್ಪಸಂಖ್ಯಾತರ ಹಕ್ಕಿಗೂ ಏನು ಸಂಬಂಧ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸೀತು. ಸಂಬಂಧವಿದೆ. ಕೇರಳದ ಶಾಲೆಗಳಲ್ಲಿ ಐಟಿ ಒಂದು ಪಾಠವಿಷಯ. ಎಸ್ಸೆಸ್ಸೆಲ್ಸಿಯಲ್ಲಿ ಅದರ ಪರೀಕ್ಷೆಯನ್ನು ಮಕ್ಕಳು ಗಣಕದ ಮುಂದೆ ಕುಳಿತೇ ಬರೆಯುತ್ತಾರೆ. ನಮ್ಮ ಮಕ್ಕಳಿಗೆ ಆ ವಿಷಯದ ಪುಸ್ತಕ ಕನ್ನಡದಲ್ಲಿ ದೊರೆಯುತ್ತದೆ. ಆದ್ದರಿಂದ ಗಣಕದಲ್ಲಿ ಕನ್ನಡ ಇಲ್ಲದಾದ ದಿನ ನಮ್ಮ ಮಗುವಿನ ಕೈಯಿಂದ ಪೆನ್ನು ಕಿತ್ತುಕೊಂಡಂತೆಯೇ ಸರಿ.

ಕೇರಳದಲ್ಲಿ ಐಟಿ@ಸ್ಕೂಲ್ ಯೋಜನೆ 2001ರಲ್ಲಿ ಆರಂಭವಾಯಿತು. ಮುಂದಿನ ವರ್ಷಗಳಲ್ಲಿ ಶಾಲೆಗಳು ಲಿನಕ್ಸ್ ಎಂಬ ಕಾರ್ಯವ್ಯವಸ್ಥೆಗೆ ಬಂದವು. 2017ರಲ್ಲಿ ಈ ಯೋಜನೆ ಕೈಟ್ ಎಂಬ ಸರಕಾರಿ ಸಂಸ್ಥೆಯಾಯಿತು. ಲಿನಕ್ಸ್ ಸ್ವತಂತ್ರ ತಂತ್ರಾಂಶ. ಅದನ್ನು ಯಾರು ಬೇಕಾದರೂ ಪ್ರತಿ ಮಾಡಿಕೊಳ್ಳಬಹುದು, ತಮ್ಮ ಭಾಷೆಗೆ ತಕ್ಕಂತೆ ತಿದ್ದಿಕೊಳ್ಳಬಹುದು. ಕೈಟ್ ಬಳಸುವ ವ್ಯವಸ್ಥೆಯನ್ನು ಕಟ್ಟಿರುವುದು ಉಬುಂಟು ಎಂಬ ಲಿನಕ್ಸ್ ಆವೃತ್ತಿಯ ಮೇಲೆ. ಉಬುಂಟುವಿನ ದೀರ್ಘಾವಧಿ ಆವೃತ್ತಿ ಎರಡು ವರ್ಷಕ್ಕೊಮ್ಮೆ ಏಪ್ರಿಲ್‌ನಲ್ಲಿ ಬರುತ್ತದೆ. ಅದಕ್ಕೆ ಐದು ವರ್ಷ ಸಾಮಾನ್ಯ ಬೆಂಬಲವಿರುತ್ತದೆ. 18.04 ಆವೃತ್ತಿಗೆ ಆ ಬೆಂಬಲ 2023ರಲ್ಲಿ ಮುಗಿಯಿತು. ಹಾಗಾಗಿ ಹಳೆಯದನ್ನು ಬಿಟ್ಟು ಹೊಸದಕ್ಕೆ ಏರುವುದು, ಅಂದರೆ ಅಪ್‌ಗ್ರೇಡ್, ತಪ್ಪದ ಕೆಲಸ.

ಈ ಏರುವಿಕೆ ನಡುವೆ ನಿಂತರೆ ಅನಾಹುತ. ನಮ್ಮೂರಿನ ಮಳೆಗಾಲದಲ್ಲಿ ಕರೆಂಟು ಹೋಗುವುದು ಒಂದು ಕಾರಣ. ಡಿಸ್ಕಿನಲ್ಲಿ ಜಾಗ ಸಾಲದಿರುವುದು ಇನ್ನೊಂದು. ಪರದೆಯ ಮೇಲೆ ಒಂದು ಪ್ರಶ್ನೆ ಉತ್ತರಕ್ಕಾಗಿ ಕಾಯುತ್ತಿರುವಾಗ, ಯಂತ್ರ ನಿಂತುಹೋಯಿತೆಂದು ಯಾರೋ ಸ್ವಿಚ್ ಒತ್ತಿಬಿಡುವುದು ಮೂರನೆಯದು. ಆಗ ಅರ್ಧ ಹಳೆಯದು, ಅರ್ಧ ಹೊಸದು ಸೇರಿ ಗಣಕ ಏಳುವುದೇ ಇಲ್ಲ. ಕಪ್ಪು ಪರದೆ ಮಾತ್ರ ಕಾಣುತ್ತದೆ.

ಆ ಹೊತ್ತಿಗೆ "ಎಲ್ಲ ಅಳಿಸಿ ಹೊಸದಾಗಿ ಹಾಕಿಬಿಡೋಣ" ಎನ್ನುವ ಸಲಹೆ ಬೇಗ ಬರುತ್ತದೆ. ದಯವಿಟ್ಟು ಅದಕ್ಕೆ ಕೂಡಲೇ ಒಪ್ಪಬೇಡಿ. ವ್ಯವಸ್ಥೆ ಕೆಟ್ಟಿತೆಂದರೆ ಮಗುವಿನ ಕೆಲಸ ಅಳಿದುಹೋಯಿತೆಂದು ಅರ್ಥವಲ್ಲ. ಮಗು ಬರೆದದ್ದು, ಬಿಡಿಸಿದ್ದು ಎಲ್ಲ ಹೋಮ್ ಎಂಬ ಫೋಲ್ಡರಿನಲ್ಲಿ ಬೇರೆಯಾಗಿಯೇ ಇರುತ್ತದೆ. ಲಿನಕ್ಸನ್ನು ಯಾವಾಗ ಬೇಕಾದರೂ ಪುಕ್ಕಟೆಯಾಗಿ ಮತ್ತೆ ತರಬಹುದು. ಮಗುವಿನ ಬರಹವನ್ನು ಎಲ್ಲಿಂದ ತರುತ್ತೀರಿ?

ಮನೆಯ ಗಣಕವಾದರೆ ಹೀಗೆ ಮಾಡಿ. ಗಣಕ ಆರಂಭವಾಗುವಾಗ ಶಿಫ್ಟ್ ಕೀಲಿಯನ್ನು ಒತ್ತಿ ಹಿಡಿಯಿರಿ. ಹೊಸ ಯಂತ್ರಗಳಲ್ಲಿ ಎಸ್ಕೇಪ್ ಕೀಲಿ ಒತ್ತಬೇಕಾಗುತ್ತದೆ. ಗ್ರಬ್ ಎಂಬ ಪಟ್ಟಿ ಕಾಣುತ್ತದೆ. ಅದರಲ್ಲಿ 'ಅಡ್ವಾನ್ಸ್‌ಡ್ ಆಪ್ಷನ್ಸ್' ಆರಿಸಿ, ಕೆಳಗಿರುವ ಹಳೆಯ ಕರ್ನಲ್‌ನಿಂದ ಆರಂಭಿಸಿ ನೋಡಿ. ಎಷ್ಟೋ ಸಲ ಇಷ್ಟರಲ್ಲೇ ಗಣಕ ಏಳುತ್ತದೆ. ಎದ್ದರೆ ಮೊದಲು ಮಗುವಿನ ಕಡತಗಳನ್ನು ಪೆನ್‌ಡ್ರೈವಿಗೆ ಇಳಿಸಿಕೊಳ್ಳಿ, ದುರಸ್ತಿ ಆಮೇಲೆ.

ಏಳದಿದ್ದರೂ ಕಡತಗಳನ್ನು ಹೊರತೆಗೆಯುವ ದಾರಿಯಿದೆ. ಇನ್ನೊಂದು ಗಣಕದಲ್ಲಿ ಉಬುಂಟುವನ್ನು ಒಂದು ಖಾಲಿ ಪೆನ್‌ಡ್ರೈವಿಗೆ ಹಾಕಿಸಿ, ಅದರಿಂದ ನಿಮ್ಮ ಗಣಕ ಆರಂಭಿಸಿ, 'ಟ್ರೈ ಉಬುಂಟು' ಆರಿಸಿ. ಏನನ್ನೂ ಅಳಿಸದೆ ಡಿಸ್ಕ್ ತೆರೆಯುತ್ತದೆ. ಹೋಮ್ ಫೋಲ್ಡರನ್ನು ಬೇರೊಂದು ಪೆನ್‌ಡ್ರೈವಿಗೆ ನಕಲು ಮಾಡಿಕೊಳ್ಳಿ.

ಕಡತಗಳು ಕೈಗೆ ಬಂದ ಮೇಲೆ ದುರಸ್ತಿ. ಅದೇ ಗ್ರಬ್ ಪಟ್ಟಿಯಲ್ಲಿ 'ರಿಕವರಿ ಮೋಡ್' ಎಂಬ ಸಾಲುಗಳಿವೆ. ಅದರೊಳಗೆ 'ಕ್ಲೀನ್' ಆರಿಸಿದರೆ ಜಾಗ ತೆರವಾಗುತ್ತದೆ. 'ಡಿಪಿಕೆಜಿ' ಆರಿಸಿದರೆ ಅರ್ಧಕ್ಕೆ ನಿಂತ ತಂತ್ರಾಂಶದ ಕಟ್ಟುಗಳ ಜೋಡಣೆ ಮುಂದುವರಿಯುತ್ತದೆ. ಇದೂ ಫಲಿಸದಿದ್ದರೆ ಮಾತ್ರ ಹೊಸದಾಗಿ ಸ್ಥಾಪಿಸಿ. ಆಗ ಡಿಸ್ಕನ್ನು ಪೂರ್ತಿ ಅಳಿಸುವ ಸಾಲು ಯಾವುದೆಂದು ಓದಿ ತಿಳಿದುಕೊಂಡೇ ಮುಂದೆ ಹೋಗಿ. ಶಾಲೆಯ ಯಂತ್ರಕ್ಕೆ ಮಾತ್ರ ನಾವು ಕೈ ಹಾಕಬಾರದು. ಅದು ಶಾಲಾ ಐಟಿ ಸಂಯೋಜಕರ ಜವಾಬ್ದಾರಿ.

ಪರದೆ ಬೆಳಗಿತು, ಎಲ್ಲ ಸರಿಯಾಯಿತು ಎಂದು ಎದ್ದುಬಿಡುವಂತಿಲ್ಲ. ನಮ್ಮ ಪಾಲಿನ ಕೆಲಸ ಇಲ್ಲಿಂದಲೇ ಶುರು. ಹೊಸದಾಗಿ ಸ್ಥಾಪಿಸಿದ ಗಣಕ ಇಂಗ್ಲಿಷ್ ಕೀಲಿಮಣೆಯೊಂದಿಗೇ ಏಳುವುದುಂಟು. ಕನ್ನಡ ಬರೆಯಲು ಐಬಸ್ ಮತ್ತು ಎಂ17ಎನ್ ಎಂಬ ಕಟ್ಟುಗಳು ಬೇಕು. ಲೋಹಿತ್, ಗುಬ್ಬಿ, ನವಿಲು ಮುಂತಾದ ಅಕ್ಷರ ವಿನ್ಯಾಸಗಳು ಬೇಕು. ಕೀಲಿಮಣೆಯಲ್ಲಿಯೂ ಒಂದಕ್ಕಿಂತ ಹೆಚ್ಚು ಬಗೆಯಿದೆ. ಕನ್ನಡ ಗಣಕ ಪರಿಷತ್ತಿನ ಕೆಜಿಪಿ ವಿನ್ಯಾಸ ಒಂದು, ಇನ್‌ಸ್ಕ್ರಿಪ್ಟ್ ಇನ್ನೊಂದು. ಒಂದರಲ್ಲಿ ಬೆರಳು ಪಳಗಿಸಿಕೊಂಡ ಮಗುವಿಗೆ ಪರೀಕ್ಷೆಯ ದಿನ ಇನ್ನೊಂದು ಎದುರಾದರೆ, ಉತ್ತರ ಗೊತ್ತಿದ್ದೂ ಅಕ್ಷರ ಹುಡುಕುವುದರಲ್ಲೇ ಹೊತ್ತು ಕಳೆಯುತ್ತದೆ.

ಪರೀಕ್ಷಿಸುವುದು ಸುಲಭ. ಸೂರ್ಯ, ಜ್ಞಾನ, ಕೃಷ್ಣ, ಲಕ್ಷ್ಮಿ ಎಂಬ ನಾಲ್ಕು ಪದಗಳನ್ನು ಮಗುವಿನಿಂದಲೇ ಬರೆಯಿಸಿ. ಚೌಕಗಳು ಕಂಡರೆ ಅಕ್ಷರ ವಿನ್ಯಾಸವಿಲ್ಲ. ಒತ್ತಕ್ಷರ ಬಿಡಿಬಿಡಿಯಾಗಿ ನಿಂತರೆ ಜೋಡಣೆ ಸರಿಯಿಲ್ಲ. ಹಳೆಯ ನುಡಿ ಅಥವಾ ಬರಹ ತಂತ್ರಾಂಶದಲ್ಲಿ ಬರೆದ ಕಡತ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಂತೆ ಕಂಡರೆ ಅಳಿಸಬೇಡಿ. ಅದನ್ನು ಯೂನಿಕೋಡಿಗೆ ಪರಿವರ್ತಿಸಬಹುದು.

ಯಂತ್ರದಲ್ಲಿ ಕನ್ನಡ ಇದ್ದ ಮಾತ್ರಕ್ಕೆ ಅದು ಮಗುವಿನ ಕೈಗೆ ಬರುವುದಿಲ್ಲ ಎಂಬುದಕ್ಕೆ ಒಂದು ಉದಾಹರಣೆ ಹೇಳುತ್ತೇನೆ. ನಮ್ಮದೇ ರಾಜ್ಯದ ಇಡುಕ್ಕಿಯಿಂದ ಕುಮಿಳಿ ಘಾಟಿ ಇಳಿದರೆ ತಮಿಳುನಾಡಿನ ಕಂಬಂ ಕಣಿವೆ. ಅಲ್ಲಿಯೂ, ತೇನಿ ಮತ್ತು ದಿಂಡುಗಲ್ ಕಡೆಯಲ್ಲಿಯೂ ಕಾಪ್ಪಿಲಿಯರು, ಅನುಪ್ಪರು ಮೊದಲಾದ ಸಮುದಾಯಗಳವರು ತಲೆಮಾರುಗಳಿಂದ ಮನೆಯಲ್ಲಿ ಕನ್ನಡ ಆಡುತ್ತ ಬಂದಿದ್ದಾರೆ. ಶಾಲೆಯ ಓದುಬರಹ ತಮಿಳಿನಲ್ಲಿ. 2011ರಲ್ಲಿ ತಮಿಳುನಾಡು ಸರಕಾರ ವಿದ್ಯಾರ್ಥಿಗಳಿಗೆ ಉಚಿತ ಲ್ಯಾಪ್‌ಟಾಪ್ ಕೊಡಲು ತೊಡಗಿದಾಗ, ಅವುಗಳಲ್ಲಿ ವಿಂಡೋಸ್ ಜತೆಗೆ ಸಿ-ಡ್ಯಾಕ್ ಸಿದ್ಧಪಡಿಸಿದ ಬಾಸ್ ಲಿನಕ್ಸ್ ಕೂಡ ಇತ್ತು. ಬಾಸ್ ಕನ್ನಡವನ್ನೂ ಬಲ್ಲದು. ಆದರೆ ಶಾಲೆಯಲ್ಲಿ ಕನ್ನಡ ಲಿಪಿ ಕಲಿಯದ ಮಗುವಿಗೆ ಆ ಕನ್ನಡದಿಂದ ಏನು ಪ್ರಯೋಜನ? ಲಿಪಿಯ ಆಸರೆಯಿಲ್ಲದೆ ಮಾತನ್ನು ಉಳಿಸಿಕೊಂಡ ಆ ಜನರಿಗೆ ನಾವು ತಲೆಬಾಗಬೇಕು. ಜತೆಗೆ, ಶಾಲೆ, ಪುಸ್ತಕ, ಲಿಪಿ ಮೂರೂ ಇರುವ ನಾವು ಕೀಲಿಮಣೆಯೊಂದನ್ನು ಉದಾಸೀನದಿಂದ ಕಳೆದುಕೊಳ್ಳಬಾರದು.

1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯಲು ಸಾಕಷ್ಟು ಸೌಲಭ್ಯ ಒದಗಿಸಬೇಕೆನ್ನುತ್ತದೆ. ಅಂದು ಸೌಲಭ್ಯವೆಂದರೆ ಸ್ಲೇಟು, ಪುಸ್ತಕ, ಅಧ್ಯಾಪಕರು. ಇಂದು ಆ ಸಾಲಿಗೆ ಗಣಕವೂ ಸೇರಿದೆ. ಆದುದರಿಂದ ನಮ್ಮ ರಕ್ಷಕ-ಶಿಕ್ಷಕ ಸಂಘ ಮೂರು ವಿಷಯಗಳನ್ನು ಶಾಲೆಗೆ ಬರೆದು ಕೊಡಬೇಕೆಂದು ನನ್ನ ವಿನಂತಿ. ಪರೀಕ್ಷೆಯ ತಿಂಗಳಲ್ಲಿ ಅಪ್‌ಗ್ರೇಡ್ ಬೇಡ. ಮಕ್ಕಳ ಕಡತಗಳ ಪ್ರತಿ ತೆಗೆಯದೆ ಯಾವ ಯಂತ್ರವನ್ನೂ ಅಳಿಸುವುದು ಬೇಡ. ದುರಸ್ತಿಯಾದ ಯಂತ್ರದಲ್ಲಿ, ಮಕ್ಕಳು ಕಲಿತ ಕೀಲಿಮಣೆಯಲ್ಲೇ ಕನ್ನಡ ಬರೆದು ನೋಡಿದ ನಂತರವೇ ಕೆಲಸ ಮುಗಿಯಿತೆಂದು ಬರೆಯಬೇಕು.

ಇದಕ್ಕೆ ಹಣ ಬೇಕಾಗಿಲ್ಲ, ಹೊಸ ಆದೇಶವೂ ಬೇಕಾಗಿಲ್ಲ. ವಿಚಾರಿಸುವ ರಕ್ಷಕರು ಬೇಕು.