ನಿವೃತ್ತಿಯಾದ ಮೇಲೆ ಇ.ಎಸ್.ಐ. ಎಲ್ಲಿಯವರೆಗೆ?
(ಹೊಸೂರಿನ ಪೋಷಕರ ಸಭೆಯಲ್ಲಿ ನಿವೃತ್ತ ಕಾರ್ಖಾನೆ ನೌಕರರೊಬ್ಬರು ಮಾಡಿದ ಭಾಷಣ)



ಶಾಲೆಯ ಸಭೆಯಲ್ಲಿ ಆಸ್ಪತ್ರೆಯ ಮಾತೇಕೆಂದು ನೀವು ಕೇಳಬಹುದು. ಇಲ್ಲಿ ಕುಳಿತವರಲ್ಲಿ ಕಾರ್ಖಾನೆ ಕೆಲಸದವರು ಹಲವರಿದ್ದೀರಿ. ನನ್ನಂತೆ ತಡವಾಗಿ ಮದುವೆಯಾದವರಿಗೆ ನಿವೃತ್ತಿಯ ದಿನ ಬಂದಾಗ ಕೊನೆಯ ಮಗು ಇನ್ನೂ ಎಂಟನೆಯ ತರಗತಿಯಲ್ಲಿರುತ್ತದೆ.

ನಾನು 2018ರ ಆಗಸ್ಟ್ ಕೊನೆಗೆ ನಿವೃತ್ತನಾದೆ. ಹಾರ ಹಾಕಿದರು, ಫೋಟೋ ತೆಗೆದರು. ಇ.ಎಸ್.ಐ. ವಿಷಯ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆಮೇಲೂ ಕಾರ್ಡು ತೋರಿಸಿದರೆ ಔಷಧಿ ಸಿಗುತ್ತಿತ್ತು. ಎಲ್ಲ ಮೊದಲಿನಂತೆಯೇ ಎಂದುಕೊಂಡೆ. 2019ರ ಜುಲೈಯಲ್ಲಿ ಮಗಳನ್ನು ಜ್ವರವೆಂದು ಕರೆದೊಯ್ದರೆ, ಕಂಪ್ಯೂಟರ್ ನೋಡಿ ನಿಮ್ಮ ಅವಧಿ ಮುಗಿದಿದೆ ಎಂದರು.

ಲೆಕ್ಕ ಹೀಗಿತ್ತು. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ಅವಧಿಯಲ್ಲಿ ಕನಿಷ್ಠ 78 ದಿನಗಳ ವಂತಿಗೆ ಸಂದಿದ್ದರೆ ಮುಂದಿನ ಜೂನ್ 30ರವರೆಗೆ ಚಿಕಿತ್ಸೆಯುಂಟು. ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನ ವಂತಿಗೆಗೆ ಡಿಸೆಂಬರ್ 31ರವರೆಗೆ. ಸಂಬಳ ನಿಂತ ದಿನ ನಿಲ್ಲುವುದಿಲ್ಲ, ತಿಂಗಳುಗಳ ನಂತರ ಸದ್ದಿಲ್ಲದೆ ನಿಲ್ಲುತ್ತದೆ. ಮೋಸಹೋಗುವುದು ಅಲ್ಲಿಯೇ.

ಐದು ವರ್ಷವಾದರೂ ವಿಮೆಯಲ್ಲಿದ್ದು ವಯಸ್ಸಾಗಿ ನಿವೃತ್ತರಾದವರು ವರ್ಷಕ್ಕೆ 120 ರೂಪಾಯಿ ಮುಂಗಡ ಕಟ್ಟಿದರೆ ಗಂಡಹೆಂಡತಿ ಇಬ್ಬರಿಗೂ ಚಿಕಿತ್ಸೆ ಮುಂದುವರಿಯುತ್ತದೆಂದು ಆಗ ತಿಳಿಯಿತು. ತಿಂಗಳಿಗೆ ಹತ್ತೇ ರೂಪಾಯಿ! ಅಂದೇ ಕಟ್ಟಿದೆ. ಆದರೆ ಮಗಳ ಹೆಸರು ಸೇರಲಿಲ್ಲ. ಕೆಲಸದಲ್ಲಿರುವಾಗ ಮದುವೆಯಾಗುವವರೆಗೂ ಮಗಳಿಗಿದ್ದ ಸೌಲಭ್ಯ, ತಂದೆ ನಿವೃತ್ತನಾದರೆ ಇಲ್ಲ. ತಾಯಿಯೂ ಇ.ಎಸ್.ಐ. ಇರುವ ಕೆಲಸದಲ್ಲಿದ್ದರೆ ಮಕ್ಕಳ ಹೆಸರನ್ನು ಆಕೆಯ ಕಾರ್ಡಿಗೆ ಮೊದಲೇ ಸೇರಿಸಿಬಿಡಿ. ನನ್ನ ಮನೆಯಲ್ಲಿ ಆ ಅನುಕೂಲವಿರಲಿಲ್ಲ.

ವರ್ಷದ ಆದಾಯ 1,20,000 ರೂಪಾಯಿ ಮೀರದ ಕುಟುಂಬಗಳಿಗೆ ತಮಿಳುನಾಡು ಮುಖ್ಯಮಂತ್ರಿಗಳ ಸಮಗ್ರ ಆರೋಗ್ಯ ವಿಮೆ ಇದೆ. ಅದಕ್ಕೆ ಆದಾಯ ಪತ್ರ, ರೇಷನ್ ಕಾರ್ಡು ಬೇಕು. ಆದರೆ ಅದು ಆಸ್ಪತ್ರೆಗೆ ಸೇರಿಸಬೇಕಾದ ದೊಡ್ಡ ಕಾಯಿಲೆಗಳಿಗೆ; ಸಣ್ಣ ಜ್ವರಕ್ಕೆ ಸರ್ಕಾರಿ ಆಸ್ಪತ್ರೆಯೇ ಗತಿ.

ಇನ್ನೊಂದು ಮಾತು. ಸಾಮಾಜಿಕ ಭದ್ರತಾ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಆದ್ದರಿಂದ ಎಷ್ಟು ಕಟ್ಟಬೇಕು, ಯಾವ ದಾಖಲೆ ಬೇಕು ಎಂಬುದನ್ನು ನಿವೃತ್ತಿಗೆ ಮೊದಲೇ ಶಾಖಾ ಕಚೇರಿಯಲ್ಲಿ ವಿಚಾರಿಸಿ. ಹೆಸರು ತಪ್ಪಾಗಿದೆ, ಅವಧಿ ತಪ್ಪಾಗಿದೆ ಎಂಬ ದೂರನ್ನು ಕನ್ನಡದಲ್ಲೇ ಬರೆಯಬಹುದು. ಸಂವಿಧಾನದ 350ನೆಯ ವಿಧಿ ಆ ಹಕ್ಕನ್ನು ಕೊಟ್ಟಿದೆ. ಈ ವರ್ಷ ನಿವೃತ್ತರಾಗುವವರು ಸಭೆ ಮುಗಿದ ಮೇಲೆ ಸ್ವಲ್ಪ ಹೊತ್ತು ಕುಳಿತಿರಿ, ಕಾಗದ ಪೆನ್ನು ತಂದಿದ್ದೇನೆ.