ಎರಡು ಹೊಳೆಗಳ ನಡುವಿನ ನಮ್ಮ ಊರು

(ಸುವರ್ಣ ಮಹೋತ್ಸವದ ಹಳೆವಿದ್ಯಾರ್ಥಿ ಸಮಾವೇಶದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಈ ಶಾಲೆಯ ಮೊದಲ ತಂಡದ ವಿದ್ಯಾರ್ಥಿಗಳಲ್ಲಿ ನಾನೂ ಒಬ್ಬ. ಆಮೇಲೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಬೇರೆ ಬೇರೆ ಊರುಗಳಲ್ಲಿ ಸಮಾಜ ಪಾಠ ಮಾಡಿದೆ. ಸಮಿತಿಯವರು ನಮ್ಮ ಊರಿನ ಇತಿಹಾಸ, ಭೂಗೋಳದ ಬಗ್ಗೆ ನಾಲ್ಕು ಮಾತು ಹೇಳಬೇಕು ಎಂದರು. ಸಂತೋಷದಿಂದ ಒಪ್ಪಿದೆ. ಮೌರ್ಯರನ್ನೂ ಮೊಘಲರನ್ನೂ ಎಷ್ಟೋ ಸಲ ಕಲಿಸಿದ್ದೇನೆ. ನಮ್ಮ ಬೈಲು, ನಮ್ಮ ಪದವು ಯಾವ ಪಾಠದಲ್ಲೂ ಬರಲಿಲ್ಲ.

ಮೊದಲು ನೆಲದ ವಿಚಾರ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲ್ಲೂಕುಗಳು ಒಂದಕ್ಕೊಂದು ತಾಗುವ ಮೂಲೆಯಲ್ಲಿ ನಾವಿದ್ದೇವೆ. ಸಂತೆಗೆ ಒಂದು ಪೇಟೆ, ಸರಕಾರಿ ಕಚೇರಿಗೆ ಇನ್ನೊಂದು, ಕಾಲೇಜಿಗೆ ಮತ್ತೊಂದು. ನಮ್ಮ ಬಡಗು ದಿಕ್ಕಿಗೆ ಫಲ್ಗುಣಿ, ತೆಂಕು ದಿಕ್ಕಿಗೆ ನೇತ್ರಾವತಿ. ಎರಡೂ ಕುದುರೆಮುಖದ ಘಟ್ಟಸಾಲಿನಿಂದ ಇಳಿದು ಬರುವ ಹೊಳೆಗಳು. ಫಲ್ಗುಣಿ ವೇಣೂರು, ಮೂಲರಪಟ್ನ, ಪೊಳಲಿ, ಗುರುಪುರದ ದಾರಿ ಹಿಡಿಯುತ್ತದೆ. ನೇತ್ರಾವತಿ ಧರ್ಮಸ್ಥಳ, ಉಪ್ಪಿನಂಗಡಿ, ಬಂಟ್ವಾಳದ ದಾರಿಯಲ್ಲಿ ಹೋಗುತ್ತದೆ. ಮಂಗಳೂರಿನ ಅಳಿವೆಯಲ್ಲಿ ಎರಡೂ ಸೇರಿ ಕಡಲು ಕಾಣುತ್ತವೆ. ನಡುವಿನ ಪದವುಗಳ ಮೇಲೆ ಬಿದ್ದ ಮಳೆಯ ಒಂದು ಪಾಲು ಅತ್ತ ಇಳಿದರೆ ಇನ್ನೊಂದು ಪಾಲು ಇತ್ತ ಇಳಿಯುತ್ತದೆ.

ನಮ್ಮ ಹಿರಿಯರು ಈ ನೆಲವನ್ನು ಓದಿದ್ದು ನೀರಿನ ಲೆಕ್ಕದಲ್ಲಿ. ತಗ್ಗಿನಲ್ಲಿ ನೀರು ನಿಲ್ಲುವ ಗದ್ದೆ ಬೈಲು. ಅಲ್ಲಿ ಏಣೇಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆ. ಅದಕ್ಕಿಂತ ಮೇಲಿನದು ಮಜಲು, ಎರಡು ಬೆಳೆ. ಮಳೆಯನ್ನೇ ನಂಬಿದ್ದು ಬೆಟ್ಟು, ಒಂದೇ ಬೆಳೆ. ಅದರಾಚೆ ಮುರಕಲ್ಲಿನ ಪದವು. ದನ ಮೇಯಲು, ಹಟ್ಟಿಗೆ ಸೊಪ್ಪು ತರಲು. ಊರುಗಳ ಹೆಸರಿನಲ್ಲೇ ಈ ಪಾಠ ಇದೆ. ವಾಮದಪದವಿನಲ್ಲಿ ಪದವು, ಸಂಗಬೆಟ್ಟಿನಲ್ಲಿ ಬೆಟ್ಟು, ಗುರುವಾಯನಕೆರೆಯಲ್ಲಿ ಕೆರೆ. ಬೆಳ್ತಂಗಡಿ, ಅಳದಂಗಡಿ, ಉಪ್ಪಿನಂಗಡಿ ಎಂದಾಗ ಹಳೆಯ ವ್ಯಾಪಾರದ ದಾರಿ ಕಣ್ಣಿಗೆ ಬರುತ್ತದೆ. ಘಟ್ಟದ ಮೇಲಿನ ಸರಕು ಬಂಟ್ವಾಳಕ್ಕೆ ಇಳಿದು, ಅಲ್ಲಿಂದ ದೋಣಿಯಲ್ಲಿ ಮಂಗಳೂರಿಗೆ ಹೋಗುತ್ತಿತ್ತು. ಆ ಹೊಳೆಯೇ 1923ರಲ್ಲೂ 1974ರಲ್ಲೂ ಬಂಟ್ವಾಳ ಪೇಟೆಯನ್ನು ಮುಳುಗಿಸಿತು.

ಇನ್ನು ಇತಿಹಾಸ. ವಿಜಯನಗರದ ಕಾಲದಲ್ಲಿ ಈ ಸೀಮೆಯನ್ನು ಸ್ಥಳೀಯ ಅರಸು ಮನೆತನಗಳು ಆಳುತ್ತಿದ್ದವು. ಮೂಡುಬಿದಿರೆಯ ಕಡೆ ಚೌಟರು, ವೇಣೂರಿನಲ್ಲಿ ಅಜಿಲರು. ಅಳಿಯಸಂತಾನದ ಕಟ್ಟಿನ ಈ ಮನೆತನಗಳಲ್ಲಿ ರಾಣಿಯರೂ ಆಳಿದ್ದಾರೆ. ಮೂಡುಬಿದಿರೆಯ ಸಾವಿರ ಕಂಬದ ಬಸದಿ 1430ರದ್ದು. ವೇಣೂರಿನಲ್ಲಿ ತಿಮ್ಮಣ್ಣ ಅಜಿಲರು 35 ಅಡಿಯ ಬಾಹುಬಲಿ ಮೂರ್ತಿಯನ್ನು ಫಲ್ಗುಣಿಯ ದಂಡೆಯಲ್ಲಿ ನಿಲ್ಲಿಸಿದ್ದು 1604ರ ಮಾರ್ಚ್ 1ರಂದು. ಕಾರ್ಕಳದ ಅರಸರಿಗೆ ಇದು ಸರಿಬರಲಿಲ್ಲ, ಅವರು ದಂಡೆತ್ತಿ ಬಂದಾಗ ಅಜಿಲರು ಮೂರ್ತಿಯನ್ನು ಹೊಳೆಯ ಮರಳಿನಲ್ಲಿ ಹುಗಿದಿಟ್ಟರು ಎಂಬ ಐತಿಹ್ಯ ನಿಮಗೆಲ್ಲ ಗೊತ್ತು. 2024ರ ಮಹಾಮಸ್ತಕಾಭಿಷೇಕಕ್ಕೆ ನಮ್ಮಲ್ಲಿ ಹೋಗದವರು ಕಡಿಮೆ.

ಅಜಿಲರ ಹೆಸರು ಶಾಸನದಲ್ಲಿದೆ. ಕಲ್ಲು ಕಡಿದವರು, ಎಳೆದವರು, ಅವರಿಗೆ ಅಕ್ಕಿ ಬೆಳೆದು ಕೊಟ್ಟವರು ಯಾರು? ಅವರಲ್ಲಿ ನಮ್ಮ ಹಿರಿಯರೂ ಇದ್ದಿರಬೇಕು. ಅವರ ಹೆಸರು ಎಲ್ಲೂ ಇಲ್ಲ.

1799ರಲ್ಲಿ ಟಿಪ್ಪು ಮಡಿದ ಮೇಲೆ ನಾವು ಕಂಪೆನಿ ಸರಕಾರದ ಕೈಕೆಳಗೆ ಬಂದೆವು. 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ಅಧಿಕಾರಿ ಬೆಳ್ತಂಗಡಿ, ವೇಣೂರು, ಮೂಡುಬಿದಿರೆಗಳ ದಾರಿಯಾಗಿ ಕಾರ್ಕಳದ ಕಡೆಗೆ ಹೋದ. 1807ರಲ್ಲಿ ಅಚ್ಚಾದ ಅವನ ಪ್ರವಾಸ ಕಥನದಲ್ಲಿ ನಮ್ಮ ಸೀಮೆಯ ಬೆಳೆ, ಗೇಣಿ, ಬಸದಿಗಳ ಸಂಗತಿ ಇದೆ. 1956ರ ನವೆಂಬರ್ 1ರವರೆಗೆ ನಾವು ಮದರಾಸಿಗೆ ಸೇರಿದವರು. ಸರಕಾರ ಎಷ್ಟು ಬದಲಾದರೂ ಗದ್ದೆಯ ಲೆಕ್ಕ ಮಾತ್ರ ಹೆಚ್ಚು ಬದಲಾಗಲಿಲ್ಲ. ವರ್ಗದಾರರು ಧನಿಗಳು, ಉಳುವವರು ಗೇಣಿದಾರರು. ಮೂಲಗೇಣಿಯವರಿಗೆ ಸ್ವಲ್ಪ ಭದ್ರತೆ ಇತ್ತು. ಚಾಲಗೇಣಿಯವರು ವರ್ಷ ವರ್ಷವೂ ಧನಿಗಳ ಮುಖ ನೋಡಬೇಕಿತ್ತು.

ಇಲ್ಲಿ ಇನ್ನೊಂದು ಮಾರ್ಚ್ 1 ಬರುತ್ತದೆ. ದೇವರಾಜ ಅರಸರ ಸರಕಾರ ತಿದ್ದಿದ ಭೂಸುಧಾರಣೆ ಕಾನೂನು ಜಾರಿಗೆ ಬಂದದ್ದು 1974ರ ಮಾರ್ಚ್ 1ರಂದು. ವೇಣೂರಿನ ಮೂರ್ತಿ ನಿಂತು ಸರಿಯಾಗಿ 370 ವರ್ಷಕ್ಕೆ. ಗೇಣಿ ಭೂಮಿಯೆಲ್ಲ ಸರಕಾರದ್ದಾಗಿ, ಉಳುವವರಿಗೆ ಹಕ್ಕು ಕೊಡಲು ತಾಲ್ಲೂಕು ತಾಲ್ಲೂಕಿಗೆ ಭೂನ್ಯಾಯಮಂಡಳಿ ಬಂತು. ‘ಡಿಕ್ಲರೇಶನ್ ಕೊಟ್ಟಿದ್ದೀರಾ?’ ಎಂಬುದು ಆಗ ಊರಲ್ಲೆಲ್ಲ ಕೇಳುತ್ತಿದ್ದ ಮಾತು. ಕಲ್ಲಿನಲ್ಲಿ ಒಬ್ಬ ಅರಸರ ಹೆಸರು ಮೂಡಿದ ಸೀಮೆಯಲ್ಲಿ ಆರ್‌ಟಿಸಿಯ ಕಾಲಂನಲ್ಲಿ ನೂರಾರು ಒಕ್ಕಲುಗಳ ಹೆಸರು ಮೂಡಿತು.

ಅದೇ ಹೊತ್ತಿಗೆ ಈ ಹೈಸ್ಕೂಲು ಸುರುವಾಯಿತು. ನಮ್ಮ ತಂಡದ ಹೆಚ್ಚಿನವರು ಗೇಣಿ ಒಕ್ಕಲಿನ ಮಕ್ಕಳು. ಪ್ರಾಥಮಿಕ ಶಾಲೆ ಮುಗಿದ ಮೇಲೆ ಗದ್ದೆಗೆ ಅಥವಾ ಬೊಂಬಾಯಿ ಹೋಟೆಲಿಗೆ ಹೋಗಬೇಕಿದ್ದವರು ಎಂಟನೇ ಕ್ಲಾಸಿಗೆ ಬಂದೆವು. ಪುಸ್ತಕದ ದುಡ್ಡು ಬಂದದ್ದು ಬೀಡಿಯಿಂದ. ಅಮ್ಮ, ಅಕ್ಕ ರಾತ್ರಿ ಚಿಮಣಿ ದೀಪದಲ್ಲಿ ಕಟ್ಟಿದ ಬೀಡಿಯನ್ನು ಬ್ರಾಂಚಿಗೆ ಕೊಟ್ಟು ನಾವು ಶಾಲೆಗೆ ಬರುತ್ತಿದ್ದೆವು. ಅಕ್ಕಂದಿರಲ್ಲಿ ಅನೇಕರು ತಮ್ಮಂದಿರನ್ನು ಓದಿಸಿದರು, ತಾವು ಓದಲಿಲ್ಲ. ಗೇಣಿಚೀಟಿಯೂ ಇಲ್ಲದೆ ಬರೇ ಕೂಲಿಗೆ ದುಡಿದವರಿಗೆ ಗದ್ದೆ ಸಿಗಲಿಲ್ಲ. ಮನೆಯಡಿ ಜಾಗ ಸಿಕ್ಕಿದರೆ ಪುಣ್ಯ. ಭೂಸುಧಾರಣೆಯನ್ನು ನೆನೆಯುವಾಗ ಇದನ್ನೂ ನೆನೆಯಬೇಕು.

ಈ ಐವತ್ತು ವರ್ಷಗಳಲ್ಲಿ ನೆಲ ಪುನಃ ಬದಲಾಗಿದೆ. ಹಕ್ಕು ಸಿಕ್ಕಿದ ಗದ್ದೆಗೆ ಮಣ್ಣು ತುಂಬಿ ಅಡಿಕೆ ಇಟ್ಟೆವು. ಪದವಿಗೆ ರಬ್ಬರ್ ಬಂತು. ಇದನ್ನು ತಪ್ಪೆನ್ನುವುದಿಲ್ಲ. ಭತ್ತದಲ್ಲಿ ಆಳಿನ ಸಂಬಳ ಹುಟ್ಟುವುದಿಲ್ಲ ಎಂಬುದು ಕೃಷಿ ಮಾಡಿದವರಿಗೆ ಗೊತ್ತು. ಆದರೆ ಗದ್ದೆಯ ಜತೆ ಕಟ್ಟವೂ ಹೋಯಿತು. ಮಳೆ ಬಿಟ್ಟ ಮೇಲೆ ಊರವರೆಲ್ಲ ಸೇರಿ ತೋಡಿಗೆ ಕಲ್ಲು, ಮಣ್ಣು, ಸೊಪ್ಪು ಹಾಕಿ ಕಟ್ಟ ಕಟ್ಟುತ್ತಿದ್ದೆವು. ಹಾಗೆ ನಿಂತ ನೀರು ಸುತ್ತಿನ ಬಾವಿಗಳಿಗೆ ಇಂಗುತ್ತಿತ್ತು. ಈಗ ಒಬ್ಬೊಬ್ಬರಿಗೆ ಒಂದೊಂದು ಕೊಳವೆ ಬಾವಿ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆಯಲ್ಲಿ ಎಪ್ರಿಲ್‌ನಲ್ಲಿ ಟ್ಯಾಂಕರಿಗೆ ಕಾಯುವ ಮನೆಗಳಿವೆ.

ಗದ್ದೆಯ ಜತೆ ಹೆಸರುಗಳೂ ಹೋಗುತ್ತಿವೆ. ಒಂದೊಂದು ಗದ್ದೆಗೂ, ಕಟ್ಟಕ್ಕೂ, ಮದಕಕ್ಕೂ ಹೆಸರಿತ್ತು. ಆರ್‌ಟಿಸಿಯಲ್ಲಿ ಸರ್ವೆ ನಂಬ್ರ ಮಾತ್ರ ಇದೆ. ಹೆಸರು ಬಲ್ಲವರು ಎಂಬತ್ತು ದಾಟಿದ್ದಾರೆ. ಅವರಲ್ಲಿ ಕೆಲವರು ಇವತ್ತು ಈ ಚಪ್ಪರದಡಿಯಲ್ಲೇ ಕೂತಿದ್ದಾರೆ.

ಆದುದರಿಂದ ನನ್ನದೊಂದು ವಿನಂತಿ. ಸುವರ್ಣ ಮಹೋತ್ಸವದ ನೆನಪಿಗೆ ರಂಗಮಂದಿರ ಆಗಲಿ, ಅದಕ್ಕೆ ನನ್ನ ಪಾಲೂ ಇದೆ. ಅದರ ಜತೆ ಒಂದು ಪುಸ್ತಕವೂ ಆಗಲಿ. ಎಂಟನೇ, ಒಂಬತ್ತನೇ ಕ್ಲಾಸಿನ ಮಕ್ಕಳು ಒಂದು ಬೇಸಿಗೆ ರಜೆಯಲ್ಲಿ ಗ್ರಾಮನಕ್ಷೆ ಹಿಡಿದು ಮನೆಮನೆಗೆ ಹೋಗಲಿ. ಈ ಗದ್ದೆಯ ಹೆಸರೇನು, ಕಟ್ಟ ಎಲ್ಲಿತ್ತು, ಮೊದಲು ಯಾರು ಉಳುತ್ತಿದ್ದರು, ಯಾರು ನಾಟಿ ಮಾಡುತ್ತಿದ್ದರು, ಬೀಡಿ ಕಟ್ಟಿ ಯಾರನ್ನು ಓದಿಸಿದಿರಿ ಎಂದು ಕೇಳಿ ಬರೆಯಲಿ. ಗುತ್ತಿನ ಮನೆಯಲ್ಲೂ ಕೇಳಲಿ, ಕಾಲನಿಯಲ್ಲೂ ಕೇಳಲಿ. ಖರ್ಚು ನೋಡಿಕೊಳ್ಳಲು ಹಳೆವಿದ್ಯಾರ್ಥಿಗಳು ನಾವಿದ್ದೇವೆ.

ತೋಡಿನಲ್ಲಿ ಕಟ್ಟ ಎಲ್ಲಿತ್ತು ಎಂದು ಗೊತ್ತಾದರೆ ಮತ್ತೆ ಎಲ್ಲಿ ಕಟ್ಟಬೇಕೆಂದೂ ಗೊತ್ತಾಗುತ್ತದೆ. ಆ ಮಟ್ಟಿಗೆ ಇತಿಹಾಸವು ಪರೀಕ್ಷೆಯ ಆಚೆಗೂ ಉಪಯೋಗಕ್ಕೆ ಬರುವ ವಿಷಯ. ಹಿರಿಯರೇ, ಮಕ್ಕಳು ಬಂದಾಗ ಜಗಲಿಯಲ್ಲಿ ಕೂರಿಸಿ, ಬೆಲ್ಲ ನೀರು ಕೊಟ್ಟು, ಗೊತ್ತಿದ್ದದ್ದನ್ನು ಹೇಳಿ. ಮಕ್ಕಳೇ, ಹೆಸರುಗಳನ್ನು ತಪ್ಪಿಲ್ಲದೆ ಬರೆದುಕೊಳ್ಳಿ.