ಮನೆಗೂ ವೇದಿಕೆಗೂ ಒಂದೇ ಆಂಪ್ಲಿಫೈಯರ್

ನಮ್ಮ ಮಕ್ಕಳು ಎಲೆಕ್ಟ್ರಿಕ್ ಗಿಟಾರ್ ಕೈಗೆತ್ತಿಕೊಂಡಾಗ ನಾವು ಮೊದಲು ನೆನೆಯುವುದು ಗೋಡೆಯಾಚೆಯ ನೆರೆಯವರನ್ನು. ವಾಲ್ವ್ ಆಂಪ್ಲಿಫೈಯರಿನ ಆ ಒರಟು ನಾದ ಪೂರ್ಣವಾಗಿ ಹೊಮ್ಮುವುದು ಸದ್ದು ಏರಿಸಿದಾಗಲೇ. ಅದನ್ನು ಡಿಜಿಟಲ್ ಲೆಕ್ಕಾಚಾರದಿಂದ ಮೆಲುದನಿಯಲ್ಲಿಯೂ ಅನುಕರಿಸುವುದೇ ಮಾಡೆಲಿಂಗ್ ಆಂಪ್ಲಿಫೈಯರ್. 1996ರಲ್ಲಿ ಲೈನ್ 6 ಸಂಸ್ಥೆಯ ಆಕ್ಸಿಸ್ 212 ಈ ಹಾದಿಯನ್ನು ತೆರೆಯಿತು.

ಆಯ್ಕೆಗೆ ಮುನ್ನ ನಾವು ಮೂರು ಅಗತ್ಯಗಳನ್ನು ಗಮನಿಸಬೇಕು. ಅಭ್ಯಾಸಕ್ಕೆ ಹೆಡ್‌ಫೋನ್ ಸೌಲಭ್ಯವಿರಲಿ. ಧ್ವನಿಮುದ್ರಣಕ್ಕೆ ಯುಎಸ್‌ಬಿ ಸಂಪರ್ಕವಿದ್ದರೆ ಮೈಕ್ ಅನಗತ್ಯ. ಚಿಕ್ಕ ವೇದಿಕೆಯಲ್ಲಿ ಡ್ರಮ್ಮಿನ ಜೊತೆ ನುಡಿಸಲು 50 ವಾಟ್, 12 ಅಂಗುಲದ ಸ್ಪೀಕರ್ ಸಾಮಾನ್ಯವಾಗಿ ಸಾಕು. ವಾಟ್ ಇಮ್ಮಡಿಯಾದರೂ ಏರುವುದು 3 ಡೆಸಿಬೆಲ್ ಮಾತ್ರ; ಆದುದರಿಂದ ನೂರರ ಮೋಹ ಬೇಡ. ಬಾಸ್ ಕಟಾನಾ 50ರಂಥವು ಅರ್ಧ ವಾಟಿಗೂ ಇಳಿಯಬಲ್ಲವು.

ಸದ್ದು ಮಾಡಬೇಡವೆಂದು ನಿತ್ಯ ಗದರುವ ಮನೆಯಲ್ಲಿ ಸಾಧನೆ ಬೆಳೆಯದು. ಆ ಗದರಿಕೆಯನ್ನು ತಪ್ಪಿಸುವ ಆಂಪ್ಲಿಫೈಯರೇ ನಮಗೆ ತಕ್ಕುದು.